‘ನಿಮ್ಮನ್ನೆಲ್ಲ ಹಾಗೇ ಸಾಕಲಿಲ್ವಾ?’: ಕೂಸಿನ ಆರೈಕೆಯಲ್ಲಿ ಅನುಭವ ಮತ್ತು ಸಂಶೋಧನೆ

ಬಾಣಂತಿ ಕೋಣೆಯಲ್ಲಿ ವಾದ ಎದ್ದಾಗಲೆಲ್ಲ ಕೊನೆಗೆ ಬಂದು ನಿಲ್ಲುವ ಮಾತು ಒಂದೇ: ‘ನಿಮ್ಮನ್ನೆಲ್ಲ ಹಾಗೇ ಸಾಕಲಿಲ್ವಾ? ಏನಾಯ್ತೀಗ?’ ಆರು ತಿಂಗಳು ತುಂಬುವ ತನಕ ಎದೆಹಾಲು ಬಿಟ್ಟು ಒಂದು ಹನಿ ನೀರೂ ಬೇಡವೆಂದು ಡಾಕ್ಟರು ಹೇಳಿದ್ದಾರೆ ಅನ್ನುತ್ತಾಳೆ ಸೊಸೆ. ಈ ಬಿಸಿಲಿಗೆ ಕೂಸಿನ ಗಂಟಲು ಒಣಗೋದಿಲ್ವೇನೇ ಅನ್ನುತ್ತಾರೆ ಅತ್ತೆ. ಹುಟ್ಟಿದ ಕೂಡಲೇ ಜೇನು ನೆಕ್ಕಿಸುವುದು, ಬಜೆ ತೇಯ್ದು ನಾಲಿಗೆಗೆ ಮುಟ್ಟಿಸುವುದು, ಕಣ್ಣಿಗೆ ಕಾಡಿಗೆ, ನೆತ್ತಿಗೆ ಹರಳೆಣ್ಣೆ: ಇವುಗಳ ಹಿಂದೆಲ್ಲ ನಾಲ್ಕಾರು ಮಕ್ಕಳನ್ನು ಹೆತ್ತು ದೊಡ್ಡವರನ್ನಾಗಿ ಮಾಡಿದ ಒಬ್ಬ ಹೆಂಗಸಿನ ಸಾಕ್ಷ್ಯವಿದೆ. ಎದುರಿಗೆ ಇರುವುದು ಫೋನಿನಲ್ಲಿ ಓದಿದ ಒಂದು ‘ಸ್ಟಡಿ’. ಯಾವುದಕ್ಕೆ ತೂಕ ಹೆಚ್ಚು?

ಅತ್ತೆಯ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಆ ಕೋಣೆಯಲ್ಲಿ ಇರುವುದಿಲ್ಲ. 1971ರಲ್ಲಿ ಭಾರತದಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2020ರಲ್ಲಿ ಆ ಸಂಖ್ಯೆ 28. ‘ಎಂಟು ಹೆತ್ತೆ, ಐದು ಉಳಿದವು’ ಎಂದು ಹಿಂದಿನವರು ಮಳೆ ಬೆಳೆಯ ಮಾತಿನಷ್ಟೇ ಸಹಜವಾಗಿ ಹೇಳುತ್ತಿದ್ದುದನ್ನು ಕೇಳದವರು ಕಡಿಮೆ. ಉಳಿದ ಐವರು ಸಾಕ್ಷಿಗೆ ಬರುತ್ತಾರೆ, ಹೋದ ಮೂವರು ಬರುವುದಿಲ್ಲ. ಹೋದದ್ದಕ್ಕೆ ಕಾರಣ ವಿಧಿ, ದೃಷ್ಟಿ, ಬಾಲಗ್ರಹ. ಉಳಿದದ್ದಕ್ಕೆ ಕಾರಣ ನಮ್ಮ ಆರೈಕೆ. ಹೀಗೆ ಲೆಕ್ಕ ಬರೆದರೆ ಯಾವ ರೂಢಿಯೂ ಸೋಲುವುದೇ ಇಲ್ಲ.

ಜೇನನ್ನೇ ನೋಡಿ. ಶಿಶುಗಳಲ್ಲಿ ಬರುವ ಬೊಟುಲಿಸಂ ಎಂಬ ಕಾಯಿಲೆಯನ್ನು ವೈದ್ಯರು ಗುರುತಿಸಿದ್ದು 1976ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಜೇನಿನಲ್ಲಿ ಕೆಲವೊಮ್ಮೆ ಇರುವ ಒಂದು ಬ್ಯಾಕ್ಟೀರಿಯಾದ ಬೀಜಕಣ ದೊಡ್ಡವರ ಹೊಟ್ಟೆಯಲ್ಲಿ ಮೊಳೆಯುವುದಿಲ್ಲ, ವರ್ಷ ತುಂಬದ ಕೂಸಿನ ಕರುಳಿನಲ್ಲಿ ಮೊಳೆತು ವಿಷ ಉಗುಳಬಲ್ಲದು. ಮಲಬದ್ಧತೆಯಾಗುತ್ತದೆ, ಕತ್ತು ನಿಲ್ಲುವುದಿಲ್ಲ, ಹಾಲು ಎಳೆಯುವ ಶಕ್ತಿ ಹೋಗುತ್ತದೆ. ಇದು ತೀರ ಅಪರೂಪ. ಎಷ್ಟು ಅಪರೂಪವೆಂದರೆ, ಊರಿನ ಸೂಲಗಿತ್ತಿ ತನ್ನ ಜೀವಮಾನವಿಡೀ ನೂರಾರು ಕೂಸುಗಳಿಗೆ ಜೇನು ನೆಕ್ಕಿಸಿದ್ದರೂ ಒಂದು ಪ್ರಕರಣವನ್ನೂ ಕಾಣದೆ ಇರಬಹುದು. ಕಂಡರೂ ಅದಕ್ಕೂ ಜೇನಿಗೂ ಗಂಟು ಹಾಕುವ ದಾರಿ ಅವಳಿಗಿರಲಿಲ್ಲ. ಅವಳು ಸುಳ್ಳು ಹೇಳುತ್ತಿಲ್ಲ, ದಡ್ಡಿಯೂ ಅಲ್ಲ. ಸಾವಿರಾರು ಕೂಸುಗಳಲ್ಲಿ ಒಂದಕ್ಕೆ ಬರುವ ಅಪಾಯ ಒಬ್ಬರ ಕಣ್ಣಳತೆಗೆ ಸಿಗುವಂಥದ್ದಲ್ಲ. ಅದನ್ನು ಕಾಣಲು ಬೇರೆ ಬೇರೆ ಊರಿನ ಆಸ್ಪತ್ರೆಗಳ ದಾಖಲೆಗಳು ಒಂದು ಮೇಜಿಗೆ ಬರಬೇಕು.

ಕಣ್ಣೆದುರೇ ನಡೆದದ್ದೂ ಮೋಸ ಮಾಡುತ್ತದೆ. ‘ಹಲ್ಲು ಬರ್ತಿದೆ, ಅದಕ್ಕೇ ಭೇದಿ’ ಎಂಬ ಮಾತು ಕೇಳದ ಮನೆಯಿಲ್ಲ. ಆರನೇ ತಿಂಗಳ ಆಚೀಚೆ ಹಲ್ಲು ಮೂಡುತ್ತದೆ, ನಿಜ. ಅದೇ ಹೊತ್ತಿಗೆ ಕೂಸು ಅಂಬೆಗಾಲಿಡಲು ತೊಡಗುತ್ತದೆ, ನೆಲದ ಮೇಲಿದ್ದುದೆಲ್ಲ ಬಾಯಿಗೆ ಹೋಗುತ್ತದೆ, ಮೇಲಾಹಾರ ಶುರುವಾಗಿರುತ್ತದೆ, ತಾಯಿಯಿಂದ ಬಂದ ರೋಗನಿರೋಧಕ ಶಕ್ತಿಯೂ ಇಳಿಯುತ್ತಿರುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 125 ಮಕ್ಕಳ ತಂದೆತಾಯಿಯರು ದಿನದಿನದ ಲಕ್ಷಣಗಳನ್ನು ಬರೆದಿಟ್ಟ ಅಧ್ಯಯನವೊಂದು 2000ರಲ್ಲಿ ಪ್ರಕಟವಾಯಿತು. ಹಲ್ಲು ಮೂಡುವ ದಿನಗಳಲ್ಲಿ ಜೊಲ್ಲು, ಕಿರಿಕಿರಿ, ಕಚ್ಚುವ ಚಪಲ ಹೆಚ್ಚಿದ್ದು ಹೌದು, ಭೇದಿ ಹೆಚ್ಚಿರಲಿಲ್ಲ. ಭೇದಿಯನ್ನು ಹಲ್ಲಿನ ಲೆಕ್ಕಕ್ಕೆ ಬರೆದು ಎರಡು ದಿನ ಸುಮ್ಮನಿದ್ದರೆ ಕೂಸಿನ ಮೈಯ ನೀರು ಬತ್ತುತ್ತದೆ. ಈ ವಿಷಯದಲ್ಲಿ ನಾನು ಅತ್ತೆಯ ಪರ ನಿಲ್ಲಲಾರೆ. ಬೇಸಿಗೆಯ ನೀರಿನ ವಿಷಯದಲ್ಲೂ ಅಷ್ಟೆ. ಬಿಸಿ, ಒಣ ಹವೆಯಲ್ಲೂ ಬರೀ ಎದೆಹಾಲು ಕುಡಿಯುವ ಕೂಸಿಗೆ ಬೇರೆ ನೀರು ಬೇಕಿಲ್ಲ ಎಂಬುದನ್ನು ಭಾರತದಲ್ಲೇ ಅಳೆದು ನೋಡಿ 1990ರಲ್ಲಿ ಪ್ರಕಟಿಸಿದ್ದಾರೆ. ಎದೆಹಾಲಿನ ಬಹುಪಾಲು ನೀರೇ.

ಹಾಗೆಂದು ಬಿಳಿ ಕೋಟು ಹಾಕಿದವರ ಮಾತೆಲ್ಲ ಸಂಶೋಧನೆಯೆಂದು ತಿಳಿಯಬೇಕಾಗಿಲ್ಲ. ಅಮೆರಿಕದ ಮಕ್ಕಳ ವೈದ್ಯ ಬೆಂಜಮಿನ್ ಸ್ಪಾಕ್ ಬರೆದ ಶಿಶುಪಾಲನೆಯ ಪುಸ್ತಕ 1946ರಿಂದಾಚೆಗೆ ಕೋಟಿಗಟ್ಟಲೆ ಮನೆ ಸೇರಿತು. ಐವತ್ತರ ದಶಕದ ಕೊನೆಯ ಹೊತ್ತಿಗೆ ಅದರಲ್ಲಿ ಕೂಸನ್ನು ಬೋರಲು ಮಲಗಿಸಿ ಎಂಬ ಸಲಹೆ ಬಂತು: ಅಂಗಾತ ಮಲಗಿ ವಾಂತಿ ಮಾಡಿಕೊಂಡರೆ ಉಸಿರು ಕಟ್ಟೀತು ಎಂಬ ಕಾರಣಕ್ಕೆ. ಕೇಳಲು ಸರಿಯೆನಿಸುವ ಮಾತು, ಆದರೆ ಯಾರೂ ಎಣಿಸಿ ನೋಡಿರಲಿಲ್ಲ. ಎಣಿಸತೊಡಗಿದಾಗ ಕಂಡದ್ದು ಬೇರೆ. ಬೋರಲು ಮಲಗಿದ ಕೂಸುಗಳೇ ನಿದ್ದೆಯಲ್ಲಿ ಹೆಚ್ಚಾಗಿ ಸಾಯುತ್ತಿದ್ದವು. ಬ್ರಿಟನ್‌ನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ‘ಅಂಗಾತ ಮಲಗಿಸಿ’ ಎಂಬ ಪ್ರಚಾರ ನಡೆಯಿತು, ಸಾವು ಇಳಿಯಿತು. 1970ರ ಹೊತ್ತಿಗೆ ಇದ್ದ ಅಧ್ಯಯನಗಳನ್ನೇ ಒಟ್ಟಿಗೆ ಇಟ್ಟು ನೋಡಿದ್ದರೆ ಬ್ರಿಟನ್‌ನಲ್ಲಿ 10,000ಕ್ಕೂ ಹೆಚ್ಚು, ಯುರೋಪ್, ಅಮೆರಿಕ, ಆಸ್ಟ್ರೇಲಿಯಾ ಭಾಗಗಳಲ್ಲಿ ಕನಿಷ್ಠ 50,000 ಕೂಸುಗಳ ಸಾವನ್ನು ತಡೆಯಬಹುದಿತ್ತು ಎಂದು 2005ರ ಒಂದು ವಿಮರ್ಶೆ ಅಂದಾಜು ಮಾಡಿತು. ತೊಟ್ಟಿಲಲ್ಲಿ ಅಂಗಾತ ಮಲಗಿಸುತ್ತಿದ್ದ ನಮ್ಮ ಅಜ್ಜಿಯರು ಆ ಪುಸ್ತಕ ಓದದೆ ಇದ್ದದ್ದು ಒಳ್ಳೆಯದೇ ಆಯಿತು. ಸ್ಪಾಕ್ ಅವರದ್ದೂ ಒಬ್ಬ ಅನುಭವಿಯ ಅಭಿಪ್ರಾಯವೇ ಆಗಿತ್ತು, ಅಚ್ಚಾಗಿತ್ತು ಅಷ್ಟೆ.

ಇನ್ನೊಂದು ತಪ್ಪು ನಮ್ಮ ತಾಯಂದಿರ ಮನಸ್ಸಿಗೇ ಬಿತ್ತು. ಕೂಸು ಸರಿಯಾಗಿ ತೂಕ ಏರುತ್ತಿದೆಯೇ ಎಂದು ನೋಡಲು ಜಗತ್ತೆಲ್ಲ ದಶಕಗಳ ಕಾಲ ಬಳಸಿದ ಬೆಳವಣಿಗೆಯ ಪಟ್ಟಿ ಅಮೆರಿಕದಲ್ಲಿ 1977ರಲ್ಲಿ ತಯಾರಾದದ್ದು. ಎರಡು ವರ್ಷದೊಳಗಿನವರ ಅಳತೆ ಬಂದದ್ದು ಒಹಾಯೊ ರಾಜ್ಯದ ಒಂದು ಭಾಗದ, ಹೆಚ್ಚಾಗಿ ಬಾಟಲಿ ಹಾಲು ಕುಡಿದ ಮಕ್ಕಳಿಂದ. ಎದೆಹಾಲಿನ ಕೂಸು ಮೊದಲೆರಡು ಮೂರು ತಿಂಗಳು ದುಂಡಗೆ ಬೆಳೆದು ಆಮೇಲೆ ತುಸು ನಿಧಾನವಾಗುತ್ತದೆ. ಆ ಪಟ್ಟಿಯಲ್ಲಿ ಈ ನಿಧಾನ ಕೊರತೆಯಾಗಿ ಕಾಣುತ್ತಿತ್ತು. ಕೂಸು ಗೆಲುವಾಗಿದೆ, ದಿನಕ್ಕೆ ಆರೇಳು ಸಲ ಉಚ್ಚೆ ಹೊಯ್ಯುತ್ತದೆ, ನಗುತ್ತದೆ ಎಂದು ತಾಯಿ ಹೇಳಿದರೂ ಗೆರೆ ಕೆಳಗಿಳಿದಿದೆ, ಹಾಲು ಸಾಲುತ್ತಿಲ್ಲ, ಡಬ್ಬಿ ಹಾಲು ಶುರುಮಾಡಿ ಎಂಬ ಸಲಹೆ ಸಿಗುತ್ತಿತ್ತು. ಡಬ್ಬಿ ಬಂದ ಮೇಲೆ ಕೂಸು ಎದೆ ಚೀಪುವುದು ಕಡಿಮೆಯಾಗುತ್ತದೆ, ಚೀಪುವುದು ಕಡಿಮೆಯಾದರೆ ಹಾಲು ಇಳಿಯುತ್ತದೆ, ಸಲಹೆ ತಾನೇ ತಾನಾಗಿ ನಿಜವಾಗುತ್ತದೆ. ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಈ ಆರು ದೇಶಗಳಲ್ಲಿ ಸುಮಾರು 8,500 ಮಕ್ಕಳನ್ನು ಅಳೆದು, ಎದೆಹಾಲಿನ ಕೂಸನ್ನೇ ಅಳತೆಗೋಲಾಗಿ ಇಟ್ಟುಕೊಂಡು 2006ರಲ್ಲಿ ಹೊಸ ಪಟ್ಟಿ ತಂದಿತು. ನಮ್ಮ ಕಡೆಯ ಮಕ್ಕಳನ್ನು ಅಳೆದದ್ದು ದಕ್ಷಿಣ ದೆಹಲಿಯಲ್ಲಿ. ಇಂದು ಅಂಗನವಾಡಿಯಲ್ಲಿ ಗೆರೆ ಎಳೆಯುವುದು ಇದರ ಮೇಲೆಯೇ. ತಾಯಿಯ ಕಣ್ಣು ಸರಿಯಿತ್ತು, ಪಟ್ಟಿ ತಪ್ಪಿತ್ತು. ಆದರೆ ಪಟ್ಟಿಯ ತಪ್ಪನ್ನು ತಿದ್ದಿದ್ದೂ ಇನ್ನಷ್ಟು ಅಳತೆಯೇ.

ಎದೆಹಾಲಿನ ಗುಣಗಾನದಲ್ಲೂ ಜರಡಿ ಹಿಡಿಯಬೇಕಾದ್ದಿದೆ. ಎದೆಹಾಲು ಕುಡಿದ ಮಕ್ಕಳು ಜಾಣರು, ಬೊಜ್ಜು ಬರುವುದಿಲ್ಲ, ಅಸ್ತಮಾ ಬರುವುದಿಲ್ಲ ಎಂದೆಲ್ಲ ಹೇಳುವ ಅಧ್ಯಯನಗಳು ಬೇಕಾದಷ್ಟಿವೆ. ತೊಡಕೆಂದರೆ, ಶ್ರೀಮಂತ ದೇಶಗಳಲ್ಲಿ ಹೆಚ್ಚು ಕಾಲ ಹಾಲೂಡಿಸುವವರು ಹೆಚ್ಚು ಓದಿದ, ಅನುಕೂಲಸ್ಥ ತಾಯಂದಿರು. ಜಾಣತನ ಹಾಲಿನದ್ದೋ ಮನೆಯದ್ದೋ? ಅರ್ಧ ತಾಯಂದಿರಿಗೆ ಹಾಲು ಕೊಡಬೇಡಿ ಎಂದು ಹೇಳಿ ಪರೀಕ್ಷೆ ಮಾಡುವಂತಿಲ್ಲ. ಬೆಲಾರುಸ್ ದೇಶದಲ್ಲಿ ಮೈಕೆಲ್ ಕ್ರೇಮರ್ ಮತ್ತು ಸಂಗಡಿಗರು ಇದಕ್ಕೊಂದು ಉಪಾಯ ಕಂಡುಕೊಂಡರು. 1996ರಲ್ಲಿ 31 ಹೆರಿಗೆ ಆಸ್ಪತ್ರೆಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿನ ಆಸ್ಪತ್ರೆಗಳಲ್ಲಿ ಹಾಲೂಡಿಸಲು ವಿಶೇಷ ನೆರವು ಕೊಟ್ಟರು, ಇನ್ನೊಂದರಲ್ಲಿ ಎಂದಿನ ರೂಢಿ ಮುಂದುವರಿಯಿತು. ಒಟ್ಟು 17,046 ತಾಯಿ ಮಕ್ಕಳು. ಮೂರನೇ ತಿಂಗಳಲ್ಲಿ ಬರೀ ಎದೆಹಾಲಿನ ಮೇಲಿದ್ದ ಕೂಸುಗಳು ನೆರವಿದ್ದ ಕಡೆ ಶೇ 43, ಇನ್ನೊಂದು ಕಡೆ ಶೇ 6. ವರ್ಷ ತುಂಬುವುದರೊಳಗೆ ಹೊಟ್ಟೆಯ ಸೋಂಕು ಶೇ 13ರಿಂದ 9ಕ್ಕೆ ಇಳಿದಿತ್ತು, ಎಸ್ಜಿಮಾ ಅರ್ಧಕ್ಕರ್ಧ ಕಡಿಮೆಯಾಗಿತ್ತು. ಆರೂವರೆ ವರ್ಷದ ಹೊತ್ತಿಗೆ ಮಾತಿಗೆ ಸಂಬಂಧಿಸಿದ ಬುದ್ಧಿಮತ್ತೆಯ ಅಂಕ ಮೇಲಿತ್ತು. ಬೊಜ್ಜಿನಲ್ಲಿ, ಅಸ್ತಮಾದಲ್ಲಿ ವ್ಯತ್ಯಾಸವೇ ಇರಲಿಲ್ಲ. ಎದೆಹಾಲಿಗೆ ಇಲ್ಲದ ಮಹಿಮೆಯನ್ನು ಹೇರಿ, ಕೊಡಲಾಗದ ತಾಯಿಯನ್ನು ಅಪರಾಧಿಯಾಗಿಸುವವರು ಬೆಲಾರುಸಿನ ಫಲಿತಾಂಶಗಳಲ್ಲಿ ತಮಗೆ ಒಗ್ಗದ ಅರ್ಧವನ್ನೂ ಓದಬೇಕು. ಶುದ್ಧ ನೀರಿಲ್ಲದ, ಡಬ್ಬಿಯ ಪುಡಿಯನ್ನು ತಿಂಗಳ ಕೊನೆಗೆ ತೆಳ್ಳಗೆ ಕದಡುವ ಮನೆಯಲ್ಲಿ ಹೊಟ್ಟೆಯ ಸೋಂಕಿನ ಆ ವ್ಯತ್ಯಾಸ ಸಣ್ಣದಲ್ಲ ಎಂಬುದೂ ಅಷ್ಟೇ ನಿಜ.

ಡಬ್ಬಿಯ ಮಾತು ಬಂತು. ಸಂಶೋಧನೆಯ ವೇಷ ಹಾಕಿಕೊಂಡು ಮನೆಗೆ ಬರುವುದರಲ್ಲಿ ವ್ಯಾಪಾರಿಗಳಷ್ಟು ನಿಪುಣರು ಬೇರೆ ಇಲ್ಲ. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ 1939ರಲ್ಲಿ ಸಿಂಗಪುರದಲ್ಲಿ ಡಬ್ಬಿ ಹಾಲಿನ ಪ್ರಚಾರವನ್ನು ನೇರವಾಗಿ ಕೊಲೆ ಎಂದು ಕರೆದರು. ಭಾರತ 1992ರಲ್ಲಿ ಕಾನೂನು ತಂದು, 2003ರಲ್ಲಿ ಬಿಗಿಮಾಡಿ, ಎರಡು ವರ್ಷದೊಳಗಿನ ಮಕ್ಕಳ ಹಾಲು, ಆಹಾರದ ಜಾಹೀರಾತನ್ನೇ ನಿಷೇಧಿಸಿತು. ಡಬ್ಬಿಯ ಮೇಲೆ ಮುದ್ದು ಮಗುವಿನ ಚಿತ್ರವನ್ನೂ ಹಾಕುವಂತಿಲ್ಲ. ಇನ್ನು ಅಜ್ಜಿಯ ಔಷಧ ಎಂದೇ ನಾವು ನಂಬಿರುವ ಗ್ರೈಪ್ ವಾಟರ್ 1851ರಲ್ಲಿ ಇಂಗ್ಲೆಂಡಿನ ವುಡ್‌ವರ್ಡ್ ಎಂಬ ಔಷಧ ವ್ಯಾಪಾರಿ ತಯಾರಿಸಿದ್ದು. ನೂರಕ್ಕೂ ಹೆಚ್ಚು ವರ್ಷ ಅದರಲ್ಲಿ ಆಲ್ಕೊಹಾಲ್ ಇತ್ತು. ಕುಡಿದ ಕೂಸು ಅಳು ನಿಲ್ಲಿಸಿತು ಎಂಬ ಅನುಭವ ಸುಳ್ಳಲ್ಲ, ನಿಲ್ಲಿಸಿದ್ದು ಯಾಕೆ ಎಂಬುದೇ ಪ್ರಶ್ನೆ.

ಈಗ ನಮ್ಮ ರಾಜ್ಯದ್ದೇ ಒಂದು ಸಂಗತಿ. ನನ್ನ ಲೆಕ್ಕದಲ್ಲಿ ಈ ಇಡೀ ಚರ್ಚೆಯ ಗಂಟು ಇಲ್ಲಿದೆ. ಎರಡು ಮೂರು ತಿಂಗಳ, ಅಲ್ಲಿಯವರೆಗೆ ಚೆನ್ನಾಗಿದ್ದ ಕೂಸು ಇದ್ದಕ್ಕಿದ್ದಂತೆ ಹಾಲು ಬಿಡುತ್ತದೆ, ಏದುಸಿರು ಬಿಡುತ್ತದೆ, ಅಳುವ ದನಿ ಗೊಗ್ಗರಾಗುತ್ತದೆ. ಆಸ್ಪತ್ರೆಯಲ್ಲಿ ಎಕೋ ಮಾಡಿದರೆ ಶ್ವಾಸಕೋಶದ ರಕ್ತನಾಳಗಳಲ್ಲಿ ವಿಪರೀತ ಒತ್ತಡ, ಹೃದಯದ ಬಲಭಾಗ ಉಬ್ಬಿದೆ. ಹುಟ್ಟಿನಿಂದ ಬಂದ ಹೃದಯದೋಷವಿಲ್ಲ. ಸೋಂಕೆಂದು ಚಿಕಿತ್ಸೆ ಕೊಟ್ಟರೆ ಕೂಸು ಉಳಿಯುವುದಿಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ಇಂಥ ಕೂಸುಗಳನ್ನು ಒಂದೊಂದಾಗಿ ಗಮನಿಸಿ, ಅವುಗಳ ಮನೆಯ ಊಟವನ್ನು ವಿಚಾರಿಸಿ, 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾರಣವನ್ನು ಬೆರಳಿಟ್ಟು ತೋರಿಸಿದರು. ಎಲ್ಲವೂ ಬರೀ ಎದೆಹಾಲಿನ ಕೂಸುಗಳು. ತಾಯಂದಿರು ಬಾಣಂತಿ ಪಥ್ಯದಲ್ಲಿದ್ದವರು: ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಅನ್ನ, ಜೊತೆಗೆ ಬೇರೇನೂ ಇಲ್ಲವೆನ್ನುವಷ್ಟು ಕಡಿಮೆ. ಬೇಳೆ ವಾಯು, ಸೊಪ್ಪು ಶೀತ, ಕಾಳು ಕೂಸಿಗೆ ಹೊಟ್ಟೆನೋವು. ಅಕ್ಕಿಯ ತೌಡಿನ ಜೊತೆ ಥಯಾಮಿನ್ ಎಂಬ ಬಿ1 ಜೀವಸತ್ವ ಗಿರಣಿಯಲ್ಲೇ ಹೋಗಿರುತ್ತದೆ. ಅಕ್ಕಿಯನ್ನು ನಾಲ್ಕು ಸಲ ತೊಳೆದು ಗಂಜಿ ಬಸಿದರೆ ಉಳಿದದ್ದೂ ಹೋಗುತ್ತದೆ. ತಾಯಿಯ ಹಾಲಿನಲ್ಲಿ ಅದಿಲ್ಲ, ಕೂಸಿನ ಹೃದಯ ಸೋಲುತ್ತದೆ. ಥಯಾಮಿನ್ ಚುಚ್ಚುಮದ್ದು ಕೊಟ್ಟರೆ ಸಾವಿನಂಚಿನಲ್ಲಿದ್ದ ಕೂಸು ಒಂದೆರಡು ದಿನದಲ್ಲಿ ಸುಧಾರಿಸುತ್ತದೆ.

ಇದರಲ್ಲಿ ಗೆದ್ದವರು ಯಾರು? ಪಥ್ಯ ಹೇಳಿದ ಹಿರಿಯರ ಅನುಭವ ಇಲ್ಲಿ ಕೂಸನ್ನು ಆಸ್ಪತ್ರೆ ಸೇರಿಸಿತು. ಬಹುಶಃ ಪಥ್ಯದ ನಿಯಮ ಹುಟ್ಟಿದ ಕಾಲದಲ್ಲಿ ಅಕ್ಕಿ ಒರಳಲ್ಲಿ ಕುಟ್ಟಿದ್ದಾಗಿತ್ತು, ತೌಡು ಒಂದಿಷ್ಟಾದರೂ ಉಳಿದಿರುತ್ತಿತ್ತು. ಗಿರಣಿ ಬಂದ ಮೇಲೂ ನಿಯಮ ಮಾತ್ರ ಹಾಗೇ ಉಳಿಯಿತು. ಕರಾವಳಿಯ ಕುಚ್ಚಲಕ್ಕಿಯಲ್ಲಿ ಈ ತೊಂದರೆ ಕಡಿಮೆ, ಭತ್ತವನ್ನು ಬೇಯಿಸುವಾಗ ಜೀವಸತ್ವ ಕಾಳಿನೊಳಕ್ಕೆ ಇಳಿದಿರುತ್ತದೆ. ಇನ್ನೊಂದು ಕಡೆ, ಆರು ತಿಂಗಳು ಎದೆಹಾಲೊಂದೇ ಸಾಕು ಎಂಬ ಘೋಷಣೆ ತಾಯಿಯ ತಟ್ಟೆಯಲ್ಲಿ ಏನಿದೆ ಎಂದು ಕೇಳಲಿಲ್ಲ. ಫಿಲಿಪೀನ್ಸಿನಲ್ಲಿ 1910ರ ದಶಕದಲ್ಲೇ, ಇದೇ ಥಯಾಮಿನ್ ಕೊರತೆಯಿಂದ ಶಿಶುಗಳಿಗೆ ಬರುವ ಬೆರಿಬೆರಿ ಕಾಯಿಲೆಗೆ ತೌಡಿನ ಸಾರ ಕುಡಿಸಿ ವಾಸಿಮಾಡಿದ್ದರು. ಆ ವಿದ್ಯೆ ಪಠ್ಯಪುಸ್ತಕದ ಹಳೆಯ ಕಾಯಿಲೆಗಳ ಸಾಲಿಗೆ ಸೇರಿ ಮರೆತುಹೋಗಿತ್ತು. ಹಾಸಿಗೆಯ ಪಕ್ಕ ನಿಂತು ‘ಏನು ಊಟ ಮಾಡ್ತೀಯಮ್ಮಾ?’ ಎಂದು ಕೇಳಿದ ವೈದ್ಯರ ಕುತೂಹಲ, ಆ ಉತ್ತರಗಳನ್ನು ಒಂದೆಡೆ ಬರೆದಿಟ್ಟ ಶಿಸ್ತು ಎರಡೂ ಸೇರಿದ್ದರಿಂದ ಮಕ್ಕಳು ಉಳಿದವು.

ಹಸು ಕರು ಹಾಕಿದರೆ ಮೊದಲ ದಿನಗಳ ಹಾಲಿಗೆ ಬೆಲ್ಲ ಏಲಕ್ಕಿ ಹಾಕಿ ಗಿಣ್ಣು ಮಾಡಿ ಬೀದಿಗೆಲ್ಲ ಹಂಚುತ್ತೇವೆ. ತಾಯಿಯ ಅದೇ ಮೊದಲ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವ ರೂಢಿ ಎಷ್ಟೋ ಮನೆಗಳಲ್ಲಿತ್ತು. ಘಾನಾದಲ್ಲಿ 10,947 ಶಿಶುಗಳನ್ನು ಗಮನಿಸಿದ 2006ರ ಅಧ್ಯಯನದ ಪ್ರಕಾರ ಹುಟ್ಟಿದ ಮೊದಲ ತಾಸಿನಲ್ಲೇ ಎಲ್ಲರಿಗೂ ಎದೆಹಾಲು ಸಿಕ್ಕರೆ ನವಜಾತ ಶಿಶುಗಳ ಸಾವಿನಲ್ಲಿ ಶೇ 22ನ್ನು ತಪ್ಪಿಸಬಹುದು. ಇದಕ್ಕೆ ಅಜ್ಜಿಯರನ್ನೇ ದೂರುವ ಮೊದಲು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು: ದೇಶದಲ್ಲಿ ಆಸ್ಪತ್ರೆಯಲ್ಲೇ ಆಗುವ ಹೆರಿಗೆ ಶೇ 88.6; ಮೊದಲ ತಾಸಿನಲ್ಲಿ ಎದೆಹಾಲು ಸಿಕ್ಕ ಮಕ್ಕಳು ಶೇ 41.8. ಆ ಮೊದಲ ತಾಸಿನಲ್ಲಿ ಕೂಸು ಅಜ್ಜಿಯ ಕೈಯಲ್ಲಿರುವುದಿಲ್ಲ.

ಅಜ್ಜಿ ಪೂರ್ತಿ ಅಂಕ ಪಡೆಯುವ ಜಾಗವೂ ಇದೆ, ಅದು ರಾಗಿ ಸರಿ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯುವ ಕೆಲಸ ಬೇಸರದ್ದು, ಯಾಕೆ ಹೀಗೆ ಎಂದು ಕೇಳಿದರೆ ‘ಜೀರ್ಣ ಆಗುತ್ತೆ’ ಎಂಬ ಉತ್ತರ. ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆಯಲ್ಲಿ ದೇಶಿಕಾಚಾರ್ ಮತ್ತು ಮಲ್ಲೇಶಿ, ಬರೋಡದಲ್ಲಿ ತಾರಾ ಗೋಪಾಲದಾಸ್ ಎಂಬತ್ತರ ದಶಕದಲ್ಲಿ ಇದರ ಒಳಗುಟ್ಟು ಬಿಡಿಸಿದರು. ಕೂಸಿನ ಹೊಟ್ಟೆ ಚಿಕ್ಕದು. ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿದರೆ ನುಂಗಲಾರದು, ನೀರು ಹಾಕಿ ತೆಳ್ಳಗೆ ಮಾಡಿದರೆ ಹೊಟ್ಟೆ ತುಂಬುತ್ತದೆ, ಶಕ್ತಿ ಸಾಲುವುದಿಲ್ಲ. ಮೊಳಕೆ ಬಂದಾಗ ಕಾಳಿನಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ತುಂಡರಿಸುತ್ತದೆ. ಆಗ ಅಷ್ಟೇ ನೀರಿನಲ್ಲಿ ಹೆಚ್ಚು ಹಿಟ್ಟು ಹಾಕಿದರೂ ಸರಿ ತೆಳ್ಳಗೇ ಇರುತ್ತದೆ. ಮೊಳಕೆಯ ಹಿಟ್ಟು ಒಂದು ಚಿಟಿಕೆ ಸೇರಿಸಿದರೂ ಗಟ್ಟಿ ಗಂಜಿ ನೋಡನೋಡುತ್ತ ನೀರಾಗುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಬಿಳಿ ಅಕ್ಕಿಯಲ್ಲಿ ಹತ್ತನ್ನೂ ಮುಟ್ಟುವುದಿಲ್ಲ. ಅಂಗಡಿಯ ಡಬ್ಬಿಗಿಂತ ಇದು ಮೇಲು ಎನ್ನಲು ನನಗೆ ಹಿಂಜರಿಕೆಯಿಲ್ಲ. ಆದರೆ ವರ್ಷ ತುಂಬುವವರೆಗೂ ಮೂರು ಹೊತ್ತೂ ಸರಿಯನ್ನೇ ತಿನ್ನಿಸುವ ಮನೆಗಳಿವೆ. ರಾಗಿಯಲ್ಲಿ ಕಬ್ಬಿಣವಿದ್ದರೂ ಅದರಲ್ಲಿರುವ ಫೈಟೇಟ್ ಅದನ್ನು ಹಿಡಿದಿಡುತ್ತದೆ. ಬೇಳೆ, ಮೊಟ್ಟೆ, ಸೊಪ್ಪು, ಹಣ್ಣು ಬೇಕೇ ಬೇಕು. ಆರರಿಂದ ಇಪ್ಪತ್ತಮೂರು ತಿಂಗಳ ಮಕ್ಕಳಲ್ಲಿ ಸಾಕಷ್ಟು ಆಹಾರ ಸಿಗುತ್ತಿರುವುದು ಶೇ 11ರಷ್ಟಕ್ಕೆ ಮಾತ್ರ ಎನ್ನುತ್ತದೆ ಅದೇ ಕುಟುಂಬ ಆರೋಗ್ಯ ಸಮೀಕ್ಷೆ. ನೀರು ಕೊಡಬೇಕೋ ಬೇಡವೋ ಎಂದು ಜಗಳವಾಡುವಷ್ಟು ಕಾವಿನಿಂದ ಯಾವ ಮನೆಯಲ್ಲೂ ಇದರ ಜಗಳ ಆಗುವುದಿಲ್ಲ.

ಒಬ್ಬರ ಕಣ್ಣಿಗೆ ಬಿದ್ದದ್ದೇ ದೊಡ್ಡ ಸಂಶೋಧನೆಗೆ ಬೀಜವಾದ ಕಥೆಗಳೂ ಕಡಿಮೆಯಿಲ್ಲ. ಮೂರು ವರ್ಷದವರೆಗೆ ಕಡಲೆಕಾಯಿ ಕೊಡಬೇಡಿ ಎಂದು 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘ ಅಲರ್ಜಿಯ ಭಯವಿರುವ ಮನೆಗಳಿಗೆ ಹೇಳಿತ್ತು. ಲಂಡನ್ನಿನ ಅಲರ್ಜಿ ತಜ್ಞ ಗಿಡಿಯನ್ ಲ್ಯಾಕ್ ಇಸ್ರೇಲಿನಲ್ಲಿ ಭಾಷಣ ಮಾಡುತ್ತ, ಕಡಲೆಕಾಯಿ ಅಲರ್ಜಿಯ ರೋಗಿಗಳನ್ನು ಕಂಡವರು ಕೈಯೆತ್ತಿ ಎಂದಾಗ ಎದ್ದದ್ದು ಬೆರಳೆಣಿಕೆಯ ಕೈ. ಅಲ್ಲಿಯ ಕೂಸುಗಳು ವರ್ಷ ತುಂಬುವ ಮೊದಲೇ ಕಡಲೆಕಾಯಿಯ ತಿಂಡಿ ಚೀಪುತ್ತಿದ್ದವು. 640 ಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬೇಗ ತಿಂದವರಲ್ಲಿ ಶೇ 3ಕ್ಕೆ ಅಲರ್ಜಿ ಬಂದರೆ ದೂರವಿಟ್ಟವರಲ್ಲಿ ಶೇ 17ಕ್ಕೆ ಬಂದಿತ್ತು. ಕೊಲಂಬಿಯಾದ ಬೊಗೊಟಾದಲ್ಲಿ 1978ರಲ್ಲಿ ಇನ್‌ಕ್ಯುಬೇಟರ್ ಸಾಲದೆ ಎಡ್ಗರ್ ರೇ ಎಂಬ ವೈದ್ಯರು ತೂಕ ಕಡಿಮೆಯಿರುವ ಕೂಸುಗಳನ್ನು ತಾಯಿಯ ಬರಿಯೆದೆಗೇ ಕಟ್ಟಿಸಿದರು. 2021ರಲ್ಲಿ ಭಾರತವೂ ಸೇರಿ ಐದು ದೇಶಗಳ ಪರೀಕ್ಷೆ ಹುಟ್ಟಿದ ಕ್ಷಣದಿಂದ ಹೀಗೆ ಮಾಡಿದರೆ ಸಾವು ಕಾಲುಭಾಗ ಇಳಿಯುತ್ತದೆ ಎಂದು ತೋರಿಸಿತು. ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಆರೈಕೆಯನ್ನು ಜಿಲ್ಲೆಯಿಡೀ ಹರಡುವ ಕೆಲಸವೂ ನಡೆದಿದೆ.

ಅಪರೂಪಕ್ಕೆ ಬಂದು ಪ್ರಾಣ ತೆಗೆಯುವ ಅಪಾಯಗಳಲ್ಲಿ, ಅಂದರೆ ಜೇನು, ಬೋರಲು ನಿದ್ದೆ, ಲಸಿಕೆ ತಪ್ಪಿಸುವುದು ಇವುಗಳಲ್ಲಿ, ಯಾರ ಮನೆಯ ಅನುಭವವೂ ಸಾಕ್ಷಿಯಾಗಲಾರದು. ಈ ಕೂಸು ಇವತ್ತು ಹೇಗಿದೆ ಎಂಬ ಪ್ರಶ್ನೆಗೆ ಮಾತ್ರ ತಾಯಿಗಿಂತ ದೊಡ್ಡ ಸಾಕ್ಷಿಯಿಲ್ಲ. ಇದು ಭಾವುಕ ಮಾತಲ್ಲ. ಮಕ್ಕಳ ಗಂಭೀರ ಕಾಯಿಲೆಯನ್ನು ಯಾವ ಲಕ್ಷಣದಿಂದ ಹಿಡಿಯಬಹುದು ಎಂದು ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ‘ಲ್ಯಾನ್ಸೆಟ್’ ಪತ್ರಿಕೆಯ 2010ರ ವಿಮರ್ಶೆ, ನೀಲಿಗಟ್ಟುವುದು, ಏದುಸಿರು ಇವುಗಳ ಸಾಲಿನಲ್ಲೇ ಹೆತ್ತವರ ಆತಂಕವನ್ನೂ ಕೆಂಪು ದೀಪವೆಂದು ಸೇರಿಸಿತು. ‘ಇದು ಯಾವಾಗಿನ ಥರ ಇಲ್ಲ ಡಾಕ್ಟ್ರೇ’ ಎಂದು ತಾಯಿ ಹೇಳಿದರೆ ಅದನ್ನು ಚೀಟಿಯಲ್ಲಿ ಬರೆದುಕೊಳ್ಳಬೇಕು.

ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಮತ್ತು ರಾಣಿ ಬಂಗ್ ಎಂಬ ವೈದ್ಯ ದಂಪತಿ ಇದನ್ನೇ ಒಂದು ವಿಧಾನವನ್ನಾಗಿ ಕಟ್ಟಿದರು. 39 ಹಳ್ಳಿಗಳಲ್ಲಿ ಊರಿನ ಹೆಂಗಸರಿಗೇ ತರಬೇತಿ ಕೊಟ್ಟು, ಮನೆಮನೆಗೆ ಹೋಗಿ ಕೂಸನ್ನು ನೋಡುವಂತೆ ಮಾಡಿದರು. ನಂಜು ಏರಿದೆಯೇ ಎಂದು ತಿಳಿಯಲು ಅವರು ಬಳಸಿದ ಗುರುತುಗಳಲ್ಲಿ ಕೆಲವು ತಾಯಿಯನ್ನೇ ಕೇಳಿ ತಿಳಿಯಬೇಕಾದವು: ಮೊದಲು ಜೋರಾಗಿ ಅಳುತ್ತಿದ್ದದ್ದು ಈಗ ಕ್ಷೀಣವಾಗಿದೆಯಾ? ಮೊದಲು ಚೆನ್ನಾಗಿ ಹಾಲು ಎಳೆಯುತ್ತಿದ್ದದ್ದು ಈಗ ಬಿಟ್ಟಿದೆಯಾ? ಆ ‘ಮೊದಲು’ ಯಾವ ಯಂತ್ರಕ್ಕೂ ಗೊತ್ತಿಲ್ಲ. 1999ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆ ಹಳ್ಳಿಗಳಲ್ಲಿ ನವಜಾತ ಶಿಶುಗಳ ಸಾವು ಮೂರನೇ ವರ್ಷದ ಹೊತ್ತಿಗೆ ಶೇ 62ರಷ್ಟು ಕಡಿಮೆಯಾಗಿತ್ತು. 2011ರಲ್ಲಿ ಇದು ದೇಶದ ಯೋಜನೆಯಾಯಿತು. ಆಸ್ಪತ್ರೆಯಿಂದ ಬಂದ ಕೂಸನ್ನು ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ನೋಡಲು ಬರುವುದು ಅಲ್ಲಿಂದಲೇ. ಬಂದವಳು ತೂಕ ನೋಡುತ್ತಾಳೆ, ಮೈ ಮುಟ್ಟಿ ಬಿಸಿ ತಂಪು ನೋಡುತ್ತಾಳೆ, ತಾಯಿಯನ್ನು ಕೇಳುತ್ತಾಳೆ, ಉತ್ತರವನ್ನು ನಮೂನೆಯಲ್ಲಿ ಬರೆದುಕೊಳ್ಳುತ್ತಾಳೆ. ಯೋಜನೆ ಶುರುವಾದಾಗ ಈ ಭೇಟಿಗಳನ್ನೆಲ್ಲ ಮುಗಿಸಿದ್ದಕ್ಕೆ ಅವಳಿಗೆ ಗೊತ್ತುಮಾಡಿದ ಪ್ರೋತ್ಸಾಹಧನ 250 ರೂಪಾಯಿ.